ಹೆಂಡತಿಯ ಸಿಟ್ಟು ಆಲ್ಬಮ್ ಆದದ್ದು

ಒಂದು ಕಡೆ ಸುಮ್ಮನೆ ಕೂಡುವುದು ನನ್ನಿಂದ ಆಗದ ಕೆಲಸ. ಊಟಕ್ಕೆ ಕೂತರೆ ನಡುವೆ ಎದ್ದು ಫ್ಯಾನಿನ ವೇಗ ಬದಲಿಸುತ್ತೇನೆ. ಪೇಪರಿನ ಮೊದಲ ಪುಟ ಸೋಫಾದಲ್ಲಿ ಓದಿದರೆ ಎರಡನೆಯದು ಬಾಲ್ಕನಿಯಲ್ಲಿ, ಮೂರನೆಯದು ಅಡುಗೆಮನೆಯ ಬಾಗಿಲಲ್ಲಿ. ಹುಡುಗನಾಗಿದ್ದಾಗ ಧಾರವಾಡದಲ್ಲಿ ಮೂರು ವರ್ಷ ಹಾರ್ಮೋನಿಯಂ ಕಲಿತೆ. ಕೊನೆಗೆ ಗುರುಗಳು, "ನಿನ್ನ ಕೈ ಪೆಟಗಿ ಮ್ಯಾಲ ಅದಾವು, ಕಾಲು ಬಸ್ ಸ್ಟ್ಯಾಂಡಿನ್ಯಾಗ ಅದಾವು" ಎಂದು ಬೀಳ್ಕೊಟ್ಟರು. ಅಷ್ಟಾದರೂ ಮನೆಯಲ್ಲಿ ಸಂಗೀತ ಬಲ್ಲವನು ನಾನೊಬ್ಬನೇ ಎಂಬ ನಂಬಿಕೆಯ ಮೇಲೆ ಪುಣೆಯಲ್ಲಿ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ. ಹೋದ ವರ್ಷ ಆ ನಂಬಿಕೆ ಕೈಕೊಟ್ಟಿತು.

ನಮ್ಮ ಮೇಲಿನ ಮನೆಯ ಮೃಣ್ಮಯಿ ಗಿಟಾರ್ ಬಾರಿಸುತ್ತಾಳೆ. ಅವಳೂ ಮೂವರು ಗೆಳೆಯರೂ ಸೇರಿ ಒಂದು ಬ್ಯಾಂಡ್ ಕಟ್ಟಿದ್ದಾರೆ. ಪ್ರಯೋಗಾತ್ಮಕ ಪೋಸ್ಟ್-ಪಂಕ್ ಎಂಬ ಬಗೆಯ ಸಂಗೀತವಂತೆ. ನಾನು ಮೊದಲು ಕೇಳಿದಾಗ ಟೈರು ಪಂಕ್ಚರಾದ ವಿಷಯವೆಂದುಕೊಂಡಿದ್ದೆ. ಮೊದಲ ಆಲ್ಬಮ್ಮಿಗೆ ಎಂಟು ಹಾಡು ಸಿದ್ಧವಾಗಿದ್ದವು. ಒಂಬತ್ತನೆಯದಕ್ಕೆ ಹೊಸದೊಂದು ದನಿ ಬೇಕಿತ್ತು. ಭಾನುವಾರ ಬೆಳಿಗ್ಗೆ ಅವಳು ನಮ್ಮ ಬಾಗಿಲಿಗೆ ಬಂದು ಇಷ್ಟು ಹೇಳಿದಾಗ ನಾನು ಗಂಟಲು ಸರಿಮಾಡಿಕೊಂಡೆ. ಅವಳು ನನ್ನ ಭುಜದ ಮೇಲಿಂದ ಒಳಗೆ ಇಣುಕಿ, "ಕಾಕೂ ಇದ್ದಾರಾ?" ಎಂದು ಮರಾಠಿಯಲ್ಲಿ ಕೇಳಿದಳು; ಕಾಕೂ ಎಂದರೆ ಚಿಕ್ಕಮ್ಮ.

ಹಿಂದಿನ ದಿನ ನೀರಿನ ಟ್ಯಾಂಕರಿನವನು ಗೇಟಿನ ಮುಂದೆ ಅರ್ಧ ನೀರು ಚೆಲ್ಲಿದ್ದಕ್ಕೆ ನನ್ನ ಹೆಂಡತಿ ವಿಜಯಾ ಬಾಲ್ಕನಿಯಿಂದ ಅವನನ್ನು ಕನ್ನಡದಲ್ಲಿಯೇ ತರಾಟೆಗೆ ತೆಗೆದುಕೊಂಡಿದ್ದಳು. ಮೃಣ್ಮಯಿಗೆ ಬೇಕಾದ ದನಿ ಅದು. ತನಗೆ ಹಾಡಲು ಬರುವುದಿಲ್ಲವೆಂದು ವಿಜಯಾ ಹೇಳಿದಳು. "ಹಾಡುವುದೇ ಬೇಡ ಕಾಕೂ. ನಮ್ಮ ಸಂಗೀತದಲ್ಲಿ ಸಿಟ್ಟಿರುತ್ತದೆ, ಕೂಗಾಟದ ಸಿಟ್ಟಲ್ಲ. ಬಹಳ ದಿನ ಯೋಚನೆ ಮಾಡಿದ ಸಿಟ್ಟು" ಎಂದಳು ಮೃಣ್ಮಯಿ. ಅದು ತನ್ನ ಹತ್ತಿರ ಇದೆ ಎಂದಳು ವಿಜಯಾ.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ರೆಕಾರ್ಡಿಂಗ್. ಶ್ರುತಿಯ ಬಗ್ಗೆ ಯಾರಾದರೂ ಸಲಹೆ ಕೇಳಿಯಾರೆಂದು ನಾನೂ ಹೋದೆ. ಯಾರೂ ಕೇಳಲಿಲ್ಲ. ಡ್ರಮ್ಮು ಬಸ್ಸು ತಪ್ಪಿದವರಂತೆ ಓಡುತ್ತಿತ್ತು; ಗಿಟಾರು ಅವೇ ಎರಡು ಸ್ವರಗಳನ್ನು ಗರಗಸದಂತೆ ಕೊಯ್ಯುತ್ತಿತ್ತು. ಗಾಜಿನಾಚೆ ಮೈಕಿನ ಮುಂದೆ ನಿಂತ ವಿಜಯಾಗೆ ಮಾತ್ರ ಸಿಟ್ಟೇ ಬರಲೊಲ್ಲದು. ಖಾಲಿ ಗೋಡೆಗೆ ಯಾರಾದರೂ ಹೇಗೆ ಬೈದಾರು? ನಾಲ್ಕು ಸಲ ಕೆಟ್ಟ ಮೇಲೆ ಅವಳು ನನ್ನ ಕಡೆ ಕೈ ಮಾಡಿ, "ರೀ, ನೀವು ಬಂದು ಇಲ್ಲೆ ಎದುರಿಗೆ ಕೂಡ್ರಿ" ಎಂದಳು. ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ ತಲೆಗೆ ಹೆಡ್‌ಫೋನು ಹಾಕಿದರು.

"ಇಪ್ಪತ್ತೆಂಟು ವರ್ಷ ಆತ್ರೀ" ಎಂದು ಶುರುಮಾಡಿದಳು. ದನಿ ಏರಿಸಲೇ ಇಲ್ಲ. "ನಾ ಮಾತು ಶುರು ಮಾಡ್ತೀನಿ, ನೀವು ಎದ್ದು ಹೋಗ್ತೀರಿ. ಜ್ವರಾ ಬಂದದ ಅಂತೀನಿ, ಎದ್ದು ಹೋಗ್ತೀರಿ, ಗುಳಿಗಿ ತರ್ತೀರಿ. ನಾ ಗುಳಿಗಿ ಕೇಳಿದ್ದಿಲ್ಲ. ಅವ್ವ ತೀರಿಕೊಂಡ್ಲು ಅಂದೆ, ಟಿಕೀಟು ತರ್ಲಿಕ್ಕೆ ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಓಡಿದ್ರಿ. ಹಿಂದಿನ ದಿನಾ ಫೋನಿನ್ಯಾಗ ಅಕಿ ನನಗೇನಂದ್ಲು ಅಂತ ಇವತ್ತಿನ ತನಕಾ ಕೇಳಿಲ್ಲ."

ನನ್ನ ಕಾಲು ತಾವಾಗಿಯೇ ಎದ್ದವು. ಹೆಡ್‌ಫೋನಿನ ವೈರು ಹಿಡಿದು ಜಗ್ಗಿತು, ಮತ್ತೆ ಕೂತೆ. ಹೀಗೆ ಏಳು ನಿಮಿಷ. ಮುಗಿದಾಗ, ಒಂದು ಶಬ್ದವೂ ಅರ್ಥವಾಗದ ಆ ನಾಲ್ವರು ಮರಾಠಿ ಮಕ್ಕಳು ಎದ್ದುನಿಂತು ಚಪ್ಪಾಳೆ ತಟ್ಟಿದರು. ಮನೆಗೆ ಹೋಗುವಾಗ ಸ್ಕೂಟರಿನ ಮೇಲೆ, "ಅದೆಲ್ಲಾ ಹಾಡಿನ ಸಲುವಾಗಿ ಅಂದದ್ದಲ್ಲಾ?" ಎಂದು ಕೇಳಿದೆ. "ಡ್ರಮ್ಮು ಭಾಳ ಛಂದ ಬಾರಿಸಿದ್ರು" ಎಂದಳು.

ಆಲ್ಬಮ್ ಹೊರಬಂದ ಶನಿವಾರ ಮಧ್ಯಾಹ್ನ ಒಂದು ಕಾಫಿ ಅಂಗಡಿಯ ಹಿತ್ತಲಲ್ಲಿ ಎಂಬತ್ತು ಜನ ಸೇರಿದ್ದರು. ಬ್ಯಾಂಡಿನವರು ಒಂದೇ ಮಾತನ್ನು ಪಲ್ಲವಿ ಮಾಡಿಕೊಂಡಿದ್ದರು. ಕನ್ನಡ ಗೊತ್ತಿಲ್ಲದ ಎಂಬತ್ತು ಜನ ತಲೆ ಕುಣಿಸುತ್ತ, "ಎದ್ದು ಹೋಗ್ತೀರಿ, ಎದ್ದು ಹೋಗ್ತೀರಿ" ಎಂದು ನನ್ನ ಸುತ್ತ ಕೂಗುತ್ತಿದ್ದರು. ಪಕ್ಕದಲ್ಲಿದ್ದ ಗಡ್ಡದವನೊಬ್ಬ ಅರ್ಥ ಕೇಳಿದ. ಮನುಷ್ಯ ಈ ಲೋಕ ಬಿಟ್ಟು ಹೋಗುವ ವಿಚಾರ, ಎಂದೆ. ಅವನು ಕಣ್ಣು ಮುಚ್ಚಿ ಇನ್ನಷ್ಟು ಜೋರಾಗಿ ಕೂಗಿದ.

ಮರುದಿನ ಮೃಣ್ಮಯಿ ಆ ಹಾಡನ್ನು ಪೂರ್ತಿ ಮರಾಠಿಯಲ್ಲಿ ಬರೆದುಕೊಡಲು ನನಗೇ ಹೇಳಿದಳು. ಒಂದೊಂದು ಸಾಲಿಗೂ ರೆಕಾರ್ಡಿಂಗನ್ನು ಹಿಂದೆ ಸರಿಸಿ ಸರಿಸಿ ಕೇಳಬೇಕಾಯಿತು. ಗುಳಿಗೆಯ ಸಾಲು ಹೇಗೋ ದಾಟಿದೆ. ಅವ್ವನ ಸಾಲಿನಲ್ಲಿ ಪೆನ್ನು ನಿಂತಿತು. ಅಡುಗೆಮನೆಗೆ ಹೋಗಿ, "ಅವ್ವಾರು ಅವತ್ತ ಫೋನಿನ್ಯಾಗ ಏನಂದ್ರು?" ಎಂದೆ.

ವಿಜಯಾ ಒಲೆ ಆರಿಸಿ, ನನ್ನ ಮುಖ ನೋಡಿ, ಎದುರಿನ ಕುರ್ಚಿಯಲ್ಲಿ ಕೂತಳು. ಹೇಳಿದಳು. ಬಹಳ ಹೊತ್ತು ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ನಡುವೆ ನನಗೆ ಎರಡು ಸಲ ಏಳಬೇಕೆನಿಸಿತು. ಒಂದೇ ಸಲ ಎದ್ದೆ. ಆ ಒಂದು ಸಲದ್ದನ್ನು ಅವಳು ಎರಡನೆಯ ಆಲ್ಬಮ್ಮಿಗೆಂದು ತೆಗೆದಿಟ್ಟುಕೊಂಡಿದ್ದಾಳೆ.