ಖಾಲಿಗಾಡಿಯ ತೂಕ

ಬೋರಲಿಂಗಯ್ಯನವರು ಹೊಸ ಯಂತ್ರವನ್ನು ತಂದು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟಾಗ ಜಯಶೀಲಮ್ಮ ಮಾಡಿದ ಮೊದಲ ಕೆಲಸವೆಂದರೆ ಬಸ್ಸಾರಿನ ಪಾತ್ರೆಯನ್ನು ದೂರ ಸರಿಸಿದ್ದು. ಅದಕ್ಕೆ ಕಾರಣವೂ ಇತ್ತು. ಇದರ ಹಿಂದಿನ ಯಂತ್ರ ರೊಟ್ಟಿ ತಟ್ಟುತ್ತೇನೆಂದು ಹೊರಟು ಗೋಡೆಯ ಗಡಿಯಾರವನ್ನು ತಟ್ಟಿ ಚಪ್ಪಟೆ ಮಾಡಿತ್ತು.

"ಹೆದ್ರಬ್ಯಾಡ ಕನೆ, ಇದು ಏನೂ ತಟ್ಟಲ್ಲ. ತೂಗ್ತದೆ ಅಷ್ಟೆ," ಎಂದರು ಬೋರಲಿಂಗಯ್ಯ.

ಟೇಬಲ್ ಫ್ಯಾನಿನ ಜಾಲರಿ, ಹಳೇ ಮಿಕ್ಸಿಯ ಹೊಟ್ಟೆ, ಸ್ಕೂಟರಿನ ಹಿಡಿ, ಮೇಲೊಂದು ದೊಡ್ಡ ಮುಳ್ಳಿನ ತೂಕದ ಡಯಲು. ಕಪ್ಪು ಗುಂಡಿ ಒಂದು, ಕೆಂಪು ಗುಂಡಿ ಒಂದು. ನೋಡುವುದಕ್ಕೆ ಒಳ್ಳೇ ಮದುವೆಗೆ ಹೊರಟ ಕೋಳಿಯ ಹಾಗಿತ್ತು. ಬೋರಲಿಂಗಯ್ಯ ಅದಕ್ಕೆ 'ಖಾಲಿಗಾಡಿ' ಎಂದು ಹೆಸರಿಟ್ಟಿದ್ದರು. ಅವರು ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಿವೃತ್ತಿಯಾಗುವ ತನಕ ಕಬ್ಬಿನ ಗಾಡಿ ತೂಗಿದವರು. ಗಾಡಿ ತುಂಬಿ ಬಂದಾಗ ಒಂದು ತೂಕ, ಖಾಲಿಯಾಗಿ ಹೋಗುವಾಗ ಒಂದು ತೂಕ. ಕಳೆದರೆ ಉಳಿಯುವುದೇ ಕಬ್ಬು. ಲೋಕದಲ್ಲಿ ಇದಕ್ಕಿಂತ ದೊಡ್ಡ ಸತ್ಯ ಇಲ್ಲ ಎಂಬುದು ಅವರ ನಂಬಿಕೆ.

"ಮನುಷ್ಯಂಗೂ ಅಷ್ಟೆಯ. ಅವ್ನು ಇದ್ದಾಗ ಎಷ್ಟು, ಇಲ್ದಾಗ ಎಷ್ಟು? ಕಳುದ್ರೆ ಅವನ ತೂಕ. ಇಲ್ದಂಗೆ ಮಾಡಾದು ಎಂಗೆ ಅನ್ನೋದೇ ಇಷ್ಟು ದಿನ ತೊಡಕಾಗಿತ್ತು. ಅದುನ್ನ ಬಿಡಿಸಿವ್ನಿ. ಎಲ್ಲಿ, ಒಂದು ತುತ್ತು ಉಣ್ಣು."

ಜಯಶೀಲಮ್ಮ ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ನುಂಗಿದರು. ಬೋರಲಿಂಗಯ್ಯ ಜಾಲರಿಯನ್ನು ಸಾರಿನ ಒಂದು ಎಸಳು ಕರಿಬೇವಿನತ್ತ ತಿರುಗಿಸಿ ಕೆಂಪು ಗುಂಡಿ ಒತ್ತಿದರು. "ಈಗ ಇನ್ನೊಂದು ತುತ್ತು."

"ಇದೇನ್ರೀ, ಸಪ್ಪೆ! ಕರಿಬೇವು ಹಾಕಿದ್ನಲ್ಲ, ಎಲ್ಲೋಯ್ತು?" ತಟ್ಟೆಯನ್ನೆಲ್ಲ ಕೆದಕಿದರೂ ಕಾಣಲಿಲ್ಲ. ಕಪ್ಪು ಗುಂಡಿ ಒತ್ತಿದ್ದೇ ಕರಿಬೇವು ಅವರ ಬೆರಳಿನ ಕೆಳಗೇ ಇತ್ತು! ಡಯಲಿನ ಮುಳ್ಳು ಅರ್ಧಕ್ಕೂ ಮೇಲೆ ನಿಂತಿತ್ತು.

"ನೋಡ್ದಾ? ಎಲ್ರೂ ತಟ್ಟೆ ಅಂಚಿಗೆ ಎತ್ತಿಡೋ ಸೊಪ್ಪು. ಅದ್ರ ತೂಕ ನೋಡು."

ಜಯಶೀಲಮ್ಮನಿಗೆ ನಿಜವಾಗಿ ಹೆಮ್ಮೆಯಾಯಿತು. ಈ ಮನುಷ್ಯನ ತಲೆಯಲ್ಲಿ ಇಂಥದು ಎಲ್ಲಿಂದ ಹುಟ್ಟುತ್ತದೋ ಎಂದು ಅವರು ಮದುವೆಯಾದಂದಿನಿಂದ ಬೆರಗಾಗುತ್ತಲೇ ಬಂದಿದ್ದಾರೆ, ಬಾಯಿಬಿಟ್ಟು ಹೇಳಿದ್ದು ಕಡಿಮೆ. ಹೇಳಿದರೆ ಮನೆಯಲ್ಲಿ ಉಳಿದಿರುವ ಇನ್ನೊಂದು ಗಡಿಯಾರಕ್ಕೂ ಗತಿಯಿಲ್ಲವಲ್ಲ! ಸುಮ್ಮನೆ ಯಂತ್ರದ ಹಿಡಿ ಕಿತ್ತುಕೊಂಡು ಗಂಡನ ಮೂಗಿನ ಮೇಲಿನ ಕನ್ನಡಕಕ್ಕೆ ಗುರಿಯಿಟ್ಟು ಕೆಂಪು ಗುಂಡಿ ಒತ್ತಿದರು.

"ಜಯ, ನನ್ನ ಕನ್ನಡಕ ಕಂಡ್ಯಾ?" ಬೋರಲಿಂಗಯ್ಯ ದಿಂಬಿನಡಿ, ಫ್ರಿಜ್ಜಿನ ಮೇಲೆ, ಬಚ್ಚಲಲ್ಲಿ, ಎಲ್ಲ ಕಡೆ ತಡಕಾಡಿದರು. ಅದು ಮೂಗಿನ ಮೇಲೇ ಕುಳಿತಿದ್ದುದು ಹಿಡಿ ಹಿಡಿದಿದ್ದ ಜಯಶೀಲಮ್ಮನಿಗೆ ಮಾತ್ರ ಕಾಣುತ್ತಿತ್ತು. ನಕ್ಕು ನಕ್ಕು ಸಾಕಾಗಿ ಕಪ್ಪು ಗುಂಡಿ ಒತ್ತಿದರೆ, ಕೆಂಪು ಗುಂಡಿ ಕಚ್ಚಿಕೊಂಡಿತ್ತು.

"ಬೆನ್ನಿಗೊಂದು ತಟ್ಟು ತಟ್ಟು, ಬುಡ್ತದೆ," ಎಂದರು ಬೋರಲಿಂಗಯ್ಯ, ತಡಕಾಡುತ್ತಲೇ. ತಟ್ಟಿದರು. ಬಿಟ್ಟಿತು.

ಇಷ್ಟೆಲ್ಲ ಯಾಕೆ ಬೇಕಾಗಿತ್ತು ಎಂದರೆ, ಕಟ್ಟೆ ಲೀಗಿಗಾಗಿ. ಅದರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವರ ಬೀದಿಯ ಕೊನೆಗೆ ಬಾಸ್ಕೆಟ್‌ಬಾಲ್ ಅಂಗಳ, ಅದರ ಪಕ್ಕ ಹೊಂಗೆ ಮರ, ಮರದ ಸುತ್ತ ಸಿಮೆಂಟ್ ಕಟ್ಟೆ. ಕಟ್ಟೆಯಲ್ಲಿ ಎಂಟು ಸೀಟು. ಪ್ರತಿವರ್ಷ ಜಿಲ್ಲೆಯ ಕ್ಲಬ್ಬುಗಳ ಪಂದ್ಯಾವಳಿ ಶುರುವಾಗುವ ಮೊದಲು ಈ ಎಂಟು ಸೀಟಿನವರು ಸರದಿಯಂತೆ ಆಟಗಾರರ ಹೆಸರು ಕೂಗಿ ತಮ್ಮ ತಮ್ಮ ಕನಸಿನ ತಂಡ ಕಟ್ಟಿಕೊಳ್ಳುತ್ತಾರೆ. ಆ ಹುಡುಗರು ಬಾಸ್ಕೆಟ್ ಹಾಕಿದರೆ ಪಾಯಿಂಟು ಇವರ ಖಾತೆಗೆ. ಓಡುವವರು ಅವರು, ಮೀಸೆ ತಿರುವುವವರು ಇವರು. ಆದರೆ ಒಂದು ಕಟ್ಟುನಿಟ್ಟಿನ ಕಾನೂನಿದೆ: ಮೂರು ವರ್ಷದಲ್ಲಿ ಎರಡು ಸಲ ಕಡೆಯ ಸ್ಥಾನಕ್ಕೆ ಬಂದವರು ಸೀಟು ಬಿಡಬೇಕು. ಬೋರಲಿಂಗಯ್ಯ ದಂಪತಿಗೆ ಸೇರಿ ಒಂದೇ ಸೀಟು. ಹೋದ ವರ್ಷ ಕಡೆಗೆ ಬಂದವರು ಅವರೇ. ಕಾರ್ಖಾನೆ ಬಿಟ್ಟ ಮೇಲೆ ಬೋರಲಿಂಗಯ್ಯನಿಗೆ ಸಂಜೆ ಎಂಬುದೊಂದು ಉಳಿದಿದ್ದರೆ ಅದು ಆ ಕಟ್ಟೆಯ ಮೇಲೆ. ಸೀಟು ಹೋದರೆ ಈ ಮನುಷ್ಯ ಮನೆಯ ಹಜಾರದಲ್ಲಿ ಬಾಡಿಹೋಗುತ್ತಾನೆ ಎಂದು ಜಯಶೀಲಮ್ಮನಿಗೆ ಗೊತ್ತಿತ್ತು.

ಹೆಸರು ಕೂಗುವ ಸಂಜೆ ಬಂತು. ಅಂಗಳದಲ್ಲಿ ಹುಡುಗರು ಅಭ್ಯಾಸ ಮಾಡುತ್ತಿದ್ದರು. ಖಾಲಿಗಾಡಿಯನ್ನು ಹೊತ್ತು ಬಂದ ಬೋರಲಿಂಗಯ್ಯನನ್ನು ನೋಡಿ ಹನುಮೇಗೌಡರು ಹಲ್ಲು ಕಿರಿದರು. ಮೂರು ವರ್ಷದಿಂದ ಗೆಲ್ಲುತ್ತಿರುವವರು ಅವರೇ. ಅವರು ಗೆದ್ದ ಮೇಲೆ ಇನ್ನೊಂದು ವರ್ಷವಿಡೀ ಕಟ್ಟೆಗೆ ಕಿವಿನೋವು.

"ಏನ್ ಬೋರಣ್ಣ, ಟೂರಿಂಗ್ ಟಾಕೀಸು ತಂದಿದ್ದೀಯಾ?"

"ನೋಡ್ತಾ ಇರಪ್ಪ."

ಎಲ್ಲರ ಬಾಯಲ್ಲೂ ನೀರೂರಿಸುವ ಹುಡುಗ ರಕ್ಷಿತ್. ಆರೂವರೆ ಅಡಿ, ಚೆಂಡು ಸಿಕ್ಕರೆ ಯಾರಿಗೂ ಕೊಡುವವನಲ್ಲ. ಬೋರಲಿಂಗಯ್ಯ ಅವನಿಗೆ ಗುರಿಯಿಟ್ಟು ಕೆಂಪು ಗುಂಡಿ ಒತ್ತಿದರು. "ಪಾಸ್, ಪಾಸ್" ಎಂದು ರಕ್ಷಿತ್ ಕಿರುಚುತ್ತ ಅಂಗಳದ ತುಂಬ ಓಡಾಡಿದ. ಒಬ್ಬರಿಗೂ ಅವನು ಕಾಣಲಿಲ್ಲ, ಕೇಳಿಸಲಿಲ್ಲ. ಉಳಿದ ನಾಲ್ವರು ಚೆಂಡನ್ನು ಹಂಚಿಕೊಂಡು ಸಲೀಸಾಗಿ ಬಾಸ್ಕೆಟ್ ಹಾಕಿದರು. ಮುಳ್ಳು ಸೊನ್ನೆಗಿಂತಲೂ ಕೆಳಗಿಳಿಯಿತು.

ಆಮೇಲೆ ಅವನನ್ನು ಬಿಡಿಸಿ, ಜಾಲರಿಯನ್ನು ಯೋಗಾನಂದನ ಕಡೆ ತಿರುಗಿಸಿದರು. ಈ ಯೋಗಾನಂದ ಪಂದ್ಯದಲ್ಲಿ ಬೆಂಚು ಬಿಟ್ಟು ಎದ್ದವನಲ್ಲ. ಅಭ್ಯಾಸಕ್ಕೆ ತಲೆ ಸಾಲದಿದ್ದರೆ ಮಾತ್ರ ಕರೆಯುತ್ತಿದ್ದರು. ಅವನು ಕಣ್ಮರೆಯಾದದ್ದೇ ತಡ, ತಂಡದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಚೆಂಡು ಚರಂಡಿಗೆ ಹೋಯಿತು. 'ಹಿಂದೆ ನೋಡೋ', 'ಎಡಕ್ಕೆ ಬಾರೋ' ಎಂದು ಅಷ್ಟು ಹೊತ್ತೂ ಮೆಲ್ಲಗೆ ಹೇಳುತ್ತ, ಬಿಟ್ಟುಹೋದ ಜಾಗಕ್ಕೆ ಓಡಿ ತುಂಬುತ್ತಿದ್ದವನು ಅವನೇ ಎಂದು ಯಾರಿಗೂ ಹೊಳೆದಿರಲಿಲ್ಲ. ಮುಳ್ಳು ಡಯಲಿನ ಕೊನೆಗೆ ಹೋಗಿ ಟಣ್ ಎಂದಿತು.

"ನನ್ನ ಮೊದಲ್ನೇ ಹೆಸ್ರು, ಯೋಗಾನಂದ," ಎಂದರು ಬೋರಲಿಂಗಯ್ಯ.

ಕಟ್ಟೆಯೇ ಅಲುಗಾಡುವಂತೆ ನಗೆ. "ಆಟಕ್ಕುಂಟು ಲೆಕ್ಕಕ್ಕಿಲ್ಲದೋನ್ನ ತಕ್ಕಂಡ್ಯಲ್ಲೋ ಬೋರಣ್ಣ," ಎಂದು ಹನುಮೇಗೌಡರು ತೊಡೆ ತಟ್ಟಿಕೊಂಡರು.

"ನಗ್ರಪ್ಪ. ಮೊದಲ ಐದು ಜನಾನ ಯಾರಾದ್ರೂ ಆರಿಸ್ತಾರೆ. ತಂಡ ನಿಲ್ಲಾದು ಆಳದ ಮೇಲೆ. ಆರನೇವ್ನು ಯಾರು, ಹತ್ತನೇವ್ನು ಯಾರು, ಅದುನ್ನ ನೋಡ್ಬೇಕು."

ಎಷ್ಟು ಚೆಂದ ಹೇಳಿದರು ಎಂದು ಜಯಶೀಲಮ್ಮನಿಗೆ ಕಣ್ಣು ತುಂಬಿತು. ಮುಳ್ಳು ಹೇಳಿದಂತೆ ಬೋರಲಿಂಗಯ್ಯ ಬೆಂಚಿನ ಹುಡುಗರನ್ನೇ ಒಬ್ಬೊಬ್ಬರನ್ನಾಗಿ ಬಾಚಿಕೊಂಡರು. ಅವರು ಕೊನೆಯ ಹೆಸರು ಕೂಗಿ ಕುಳಿತ ಮೇಲೆ ಜಯಶೀಲಮ್ಮನಿಗೆ ಒಂದು ಸಂದೇಹ ಬಂತು.

"ರೀ, ನಮ್ಮ ಲೀಗಲ್ಲಿ ಬಾಸ್ಕೆಟ್ ಹಾಕುದ್ರೆ ತಾನೆ ಪಾಯಿಂಟು?"

"ಊಂ."

"ಈ ಹುಡುಗ್ರು ಬೆಂಚ್ ಮೇಲೆ ಕುಂತಿರ್ತಾರಲ್ಲ?"

ಬೋರಲಿಂಗಯ್ಯ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. "ಬಾವಿ ಆಳ ನೋಡ್ದೆ ಕನೆ," ಎಂದರು ಕಡೆಗೆ. "ಹಗ್ಗ ತರದು ಮರ್ತೋಯ್ತು."

ಪಂದ್ಯಾವಳಿ ಶುರುವಾಯಿತು. ಹನುಮೇಗೌಡರ ರಕ್ಷಿತ್ ಸೋತ ಪಂದ್ಯದಲ್ಲೂ ಪಾಯಿಂಟಿನ ಮೇಲೆ ಪಾಯಿಂಟು ಹಾಕಿದ. ಬೋರಲಿಂಗಯ್ಯನ ಹುಡುಗರು ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಪಾಯಿಂಟಿಲ್ಲ. ಕೊನೆಯ ಪಂದ್ಯದ ದಿನ ಬರುವಷ್ಟರಲ್ಲಿ ಕೆಳಗಿನಿಂದ ಎರಡನೆಯವರು ನಂಜುಂಡಯ್ಯ, ಬಾಯಿ ಸತ್ತ ಮನುಷ್ಯ, ನಿವೃತ್ತ ಪೋಸ್ಟ್‌ಮ್ಯಾನ್. ಅವರಿಗೂ ಕಂಟಕವಿತ್ತು: ಎರಡು ವರ್ಷದ ಹಿಂದೆ ಕಡೆಗೆ ಬಂದವರು ಅವರೇ, ಈಗ ಜಾರಿದರೆ ಅವರ ಸೀಟೂ ಹೋಗುತ್ತಿತ್ತು. ಅವರಿಗಿಂತಲೂ ಕೆಳಗೆ, ಎಲ್ಲರಿಗಿಂತ ಕೊನೆಗೆ ಬೋರಲಿಂಗಯ್ಯ.

"ಆ ಮಿಷನ್ನು ಇವತ್ತು ಯಾಕ್ರೀ? ಅದು ಮೋಸ ಆಯ್ತದೆ," ಎಂದು ಜಯಶೀಲಮ್ಮ ಬಾಗಿಲಿಗೆ ಅಡ್ಡ ನಿಂತರು.

"ಅಯ್ಯೋ, ತೂಗಕ್ಕಲ್ಲ ಕನೆ. ಅದೂ ಪಂದ್ಯ ನೋಡ್ಲಿ ಅಂತ."

ಗುಂಡಿ ಮುಟ್ಟುವುದಿಲ್ಲವೆಂದು ಕರಿಬೇವಿನ ಮೇಲೆ ಆಣೆ ಮಾಡಿಸಿಕೊಂಡು ಜಯಶೀಲಮ್ಮ ದಾರಿ ಬಿಟ್ಟರು. ಬೋರಲಿಂಗಯ್ಯ ಮಾತಿಗೆ ತಪ್ಪಲಿಲ್ಲ, ಗುಂಡಿ ಮುಟ್ಟಲಿಲ್ಲ. ಅದನ್ನು ಮುಟ್ಟಿದ್ದು ಹನುಮೇಗೌಡರ ಮೊಣಕೈ. ರಕ್ಷಿತ್ ಮೊದಲ ಬಾಸ್ಕೆಟ್ ಹಾಕಿದಾಗ ಅವರು ಕುಣಿದ ರಭಸಕ್ಕೆ ಕೆಂಪು ಗುಂಡಿ ಒಳಹೋಗಿ ಕಚ್ಚಿಕೊಂಡಿತು. ಜಾಲರಿ ಅಂಗಳದ ಕಡೆಗೇ ಇತ್ತು.

ರಕ್ಷಿತ್ ಮಾಯ. "ಎಲ್ಲೋದ್ನೋ ಇವ್ನು, ನೀರು ಕುಡಿಯಕ್ಕಾ?" ಎಂದು ಕೋಚ್ ಬೈದುಕೊಂಡು ಯೋಗಾನಂದನನ್ನು ಇಳಿಸಿದರು. ಯಂತ್ರ ಗರ್ರೆಂದು ತನ್ನಷ್ಟಕ್ಕೆ ತಿರುಗತೊಡಗಿತು. ಅದು ಕಂಡವರನ್ನೆಲ್ಲ ಖಾಲಿ ಮಾಡುತ್ತ ಹೋಯಿತು. ಆ ಕಡೆಯ ಸೆಂಟರು ಮಾಯ, ಈ ಕಡೆಯ ನಾಯಕ ಮಾಯ. ಕೋಚುಗಳು ತಲೆ ಚಚ್ಚಿಕೊಂಡು ಬೆಂಚಿನವರನ್ನೆಲ್ಲ ಇಳಿಸಿದರು. ರೆಫರಿಯೂ ಮಾಯವಾಗಿ, ಸೀಟಿ ಊದಿದರೂ ಯಾರಿಗೂ ಕೇಳದಂತಾಯಿತು. ವರ್ಷವೆಲ್ಲ ಕುಳಿತಿದ್ದ ಹುಡುಗರು ಕಟ್ಟು ಬಿಚ್ಚಿದ ಕರುಗಳ ಹಾಗೆ ಓಡಿದರು, ಹಾಕಿದರು, ಮತ್ತೆ ಹಾಕಿದರು. ಎಲ್ಲ ಬೋರಲಿಂಗಯ್ಯನ ಖಾತೆಗೆ!

ಬೋರಲಿಂಗಯ್ಯನ ಮುಖ ಬಿಳಿಚಿಕೊಂಡಿತ್ತು. "ಇದು ನನ್ನದಲ್ಲ, ನಿಲ್ಲು, ನಿಲ್ಲು," ಎಂದು ಯಂತ್ರವನ್ನು ತಬ್ಬಿ ಹಿಡಿದು, ಏನು ಕಚ್ಚಿದೆಯೆಂದು ಜಾಲರಿಯೊಳಗೆ ಇಣುಕಿ ಒಂದು ತಟ್ಟು ತಟ್ಟಿದರು. ಅಂಗಳದವರೆಲ್ಲ ಬಿಡುಗಡೆಯಾದರು. ಆದರೆ ಗುಂಡಿ ಮತ್ತೆ ಕಚ್ಚಿ, ಇಣುಕಿದವರೇ ಮಾಯವಾದರು.

ಪಂದ್ಯ ಮುಗಿದಾಗ ಕಟ್ಟೆಯ ಮೇಲೆ ಬೋರಲಿಂಗಯ್ಯ ಕುಳಿತೇ ಇದ್ದರು. ಯಾರಿಗೂ ಕಾಣುತ್ತಿರಲಿಲ್ಲ. ಯಂತ್ರದ ಹಿಡಿ ಹಿಡಿದ ಜಯಶೀಲಮ್ಮನಿಗೆ ಮಾತ್ರ ಕಾಣುತ್ತಿದ್ದರು, ಅವರ ಮಾತೂ ಅವರಿಗೊಬ್ಬರಿಗೇ ಕೇಳಿಸುತ್ತಿತ್ತು.

ಹನುಮೇಗೌಡರು ಪಾಯಿಂಟು ಓದಿದರು. ಗೆದ್ದವರು ತಾವೇ. ಕಡೆಗೆ ನಂಜುಂಡಯ್ಯ. ಅವರಿಗಿಂತ ಒಂದು ಮೆಟ್ಟಿಲು ಮೇಲೆ ಬೋರಲಿಂಗಯ್ಯ. ನಂಜುಂಡಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ತಪ್ಪು ಕನ್ರೋ," ಎಂದು ಬೋರಲಿಂಗಯ್ಯ ಕೂಗಿದರು. "ಆ ಪಾಯಿಂಟು ನನ್ನದಲ್ಲ, ಮಿಷನ್ ಹಾಕ್ಸಿದ್ದು. ನಂಜುಂಡಣ್ಣ, ಕುಂತ್ಕೊ. ಜಯ, ಮಿಷನ್ ತಟ್ಟು ಕನೆ. ಬೇಗ ತಟ್ಟು."

ಜಯಶೀಲಮ್ಮನ ಕೈ ಯಂತ್ರದ ಬೆನ್ನ ಮೇಲೇ ಇತ್ತು. ತಟ್ಟದಿದ್ದರೆ ಸೀಟು ಉಳಿಯುತ್ತದೆ. ಇನ್ನೊಂದು ಐದು ನಿಮಿಷ ಸುಮ್ಮನಿದ್ದರೆ ಸಾಕು, ಎಲ್ಲರೂ ಮನೆಗೆ ಹೋಗುತ್ತಾರೆ. ಈ ಮನುಷ್ಯನ ಸಂಜೆಗಳೆಲ್ಲ ಉಳಿಯುತ್ತವೆ. ಅವರು ನಿಜವಾಗಿ ಯೋಚಿಸಿದರು, ಸುಳ್ಳೇಕೆ ಹೇಳಬೇಕು.

ಅಷ್ಟರಲ್ಲಿ ಹನುಮೇಗೌಡರು, "ಏನೋ ಸಪ್ಪೆ ಕನ ಈ ಸಲ," ಎಂದರು. "ಬೋರಣ್ಣ ಎಲ್ಲೋದ? ಓದಿದ್ದುಕ್ಕೆ ಒಬ್ಬರೂ ಇಲ್ಲ ಅನ್ನಲಿಲ್ಲ, ಫೌಲು ಅನ್ನಲಿಲ್ಲ. ಗೆದ್ದೆ ಅಂತಲೇ ಅನ್ಸಾಕಿಲ್ಲ."

ಒಬ್ಬರು ಶುಗರ್ ಮಾತ್ರೆಯ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದರು. ಡಯಲಿನ ಮುಳ್ಳು ಕೊನೆ ದಾಟಿ ಇನ್ನೊಂದು ಸುತ್ತು ಹೊರಟಿತ್ತು. ಜಯಶೀಲಮ್ಮ ಅದನ್ನೂ ನೋಡಿದರು, ನಂಜುಂಡಯ್ಯನ ಟವೆಲ್ಲನ್ನೂ ನೋಡಿದರು, ಗಂಟಲು ಹರಿಯುವಂತೆ ತಮ್ಮ ವಿರುದ್ಧವೇ ಕೂಗುತ್ತಿರುವ ಗಂಡನನ್ನೂ ನೋಡಿದರು. ಇಂಥವನ ಹೆಂಡತಿಯಾಗಿ ಹಜಾರದಲ್ಲಿ ಕುಳಿತರೂ ಪರವಾಗಿಲ್ಲ ಅನ್ನಿಸಿತು. ಜೋರಾಗಿ ತಟ್ಟಿದರು.

"—ಅಳಿಸ್ರಪ್ಪ ನನ್ನ ಪಾಯಿಂಟ," ಎನ್ನುತ್ತ ಬೋರಲಿಂಗಯ್ಯ ಎಲ್ಲರ ನಡುವೆ ಕಾಣಿಸಿಕೊಂಡರು. ನಡೆದದ್ದನ್ನೆಲ್ಲ ಹೇಳಿ, ನಂಜುಂಡಯ್ಯನ ತೋಳು ಹಿಡಿದು ಕೂರಿಸಿ, ತಾವು ಎದ್ದು ನಿಂತರು. "ಕಡೇವ್ನು ನಾನು. ಬಾ ಜಯ, ಹೋಗವ."

ಶುಗರ್ ಮಾತ್ರೆಯವರು ಚಪ್ಪಲಿ ಬಿಟ್ಟು ಮತ್ತೆ ಕುಳಿತರು. ಹನುಮೇಗೌಡರು ಮುಳ್ಳನ್ನು ನೋಡಿದರು. "ಇದು ಯಾರ ತೂಕ ಜಯಕ್ಕ?"

"ಇವ್ರದೇ."

"ಅಳತೆ ತಪ್ಪಿರ್ಬೇಕು," ಎಂದರು ಹನುಮೇಗೌಡರು. "ಮುಂದಿನ ವರ್ಷ ಇನ್ನೊಂದು ಸಲ ತೂಗವ. ಅಲ್ಲೀಗಂಟ ಆ ಕಾನೂನು ತಡೀಲಿ. ಕುಂತ್ಕೊಳಯ್ಯ ಸುಮ್ನೆ."

"ಕಾನೂನು ಅಂದ್ರೆ ಕಾನೂನು," ಎಂದು ಬೋರಲಿಂಗಯ್ಯ ಶುರುಮಾಡಿದರು. ಅಲ್ಲಿಂದ ಜಗಳ ಹತ್ತಿಕೊಂಡಿದ್ದು ಬೀದಿ ದೀಪ ಬಂದರೂ ಮುಗಿಯಲಿಲ್ಲ. ಕಟ್ಟೆ ಮತ್ತೆ ಕಟ್ಟೆಯಾಯಿತು. ಬೋರಲಿಂಗಯ್ಯ ತಮ್ಮ ಸೀಟಿನಲ್ಲಿ ಕುಳಿತೇ, ತಮಗೆ ಆ ಸೀಟು ಸಲ್ಲುವುದಿಲ್ಲವೆಂದು ವಾದಿಸಿ ಸೋತರು.

ಮನೆಗೆ ಬಂದ ಮೇಲೆ ಅವರಿಗೆ ಒಂದೇ ಕುತೂಹಲ ಉಳಿದಿತ್ತು. ಖಾಲಿಗಾಡಿಯ ತೂಕವೆಷ್ಟು? ಹಜಾರದ ನಿಲುಗನ್ನಡಿಯ ಮುಂದೆ ಅದನ್ನಿಟ್ಟು, ಜಾಲರಿಯನ್ನು ಅದರ ಬಿಂಬಕ್ಕೇ ತಿರುಗಿಸಿ ಕೆಂಪು ಗುಂಡಿ ಒತ್ತಿದರು. ಹಿಡಿ, ಡಯಲು, ಮಿಕ್ಸಿಯ ಹೊಟ್ಟೆ, ಎಲ್ಲವೂ ಒಂದೇ ಏಟಿಗೆ ಮಾಯ. ಎಷ್ಟು ತಡಕಿದರೂ ತಟ್ಟುವುದಕ್ಕೆ ಬೆನ್ನು ಸಿಗಲಿಲ್ಲ.

ಇವತ್ತಿಗೂ ಅದು ಆ ಹಜಾರದಲ್ಲೇ ಎಲ್ಲೋ ನಿಂತಿದೆ. ಗಂಡ ಹೆಂಡತಿ ದಿನಕ್ಕೊಂದು ಸಲವಾದರೂ ಅದಕ್ಕೆ ಕಾಲು ಎಡವುತ್ತಾರೆ.

"ಅದು ಇಲ್ದೆ ಮನೇಲಿ ಏನೂ ಕಮ್ಮಿ ಆಗಿಲ್ವಲ್ರೀ," ಎಂದರು ಜಯಶೀಲಮ್ಮ ಒಂದು ದಿನ. "ನಿಮ್ಮ ಲೆಕ್ಕದಲ್ಲೇ ನೋಡುದ್ರೆ ಅದ್ರ ತೂಕ ಎಷ್ಟಾಯ್ತು?"

ಬೋರಲಿಂಗಯ್ಯ ಒಂಟಿಕಾಲಲ್ಲಿ ನಿಂತು ಹೆಬ್ಬೆರಳು ನೀವಿಕೊಳ್ಳುತ್ತಿದ್ದರು.

"ಇಷ್ಟು ನೋಯ್ತಾ ಅದೆಯಲ್ಲ," ಎಂದರು, "ಸೊನ್ನೆ ಅಂತೂ ಅಲ್ಲ ಕನೆ."