ನನ್ನ ಎರಡು ನಗು ತೋರಿಸಿದ ಪರದೆಯವರಿಗೆ

ಹಲ್ಲಿನ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಒರಗುಕುರ್ಚಿಯ ಎದುರಿನ ಗೋಡೆಯ ಮೇಲೆ ವಿರಾಜಮಾನರಾಗಿರುವ ನಗು-ಮುನ್ನೋಟ ಪರದೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕರೆಂಟಿನ ಕಾಟವಿಲ್ಲದೆ, ಮೈಮೇಲೆ ಒಂದೇ ಒಂದು ಬೆರಳ ಗುರುತಿಲ್ಲದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಎರಡು ತಿಂಗಳ ಹಿಂದೆ ಒಂದು ಶನಿವಾರ ತಮ್ಮ ಮುಂದೆ ಕುಳಿತಿದ್ದವನು ನಾನು. ದಿನವೂ ಹತ್ತಾರು ಬಾಯಿಗಳ ದರ್ಶನವಾಗುವ ತಮಗೆ ಗುರುತು ಸಿಗಲಿಕ್ಕಿಲ್ಲ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳು ಬಸ್ಸಿನ ಬಾಗಿಲಲ್ಲಿ ಒಟ್ಟಿಗೇ ನುಗ್ಗಿದ ಇಬ್ಬರಂತೆ ಒಂದರ ಮೇಲೊಂದು ಏರಿಕೊಂಡಿರುವವನು ಎಂದರೆ ನೆನಪಾದೀತು. "ಸಹಜವಾಗಿ ನಗಿ" ಎಂದು ತಾವು ಒಂಬತ್ತು ಸಲ ಕೇಳಿ, ಒಂಬತ್ತು ಸಲವೂ "ನಗು ಪತ್ತೆಯಾಗಿಲ್ಲ" ಎಂದು ಕೆಂಪಕ್ಷರದಲ್ಲಿ ತಿಳಿಸಿದ್ದು ನನ್ನ ಮುಖಕ್ಕೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಪತ್ತೆಯಾಗದಿರಲೆಂದೇ ನಾನು ಹತ್ತು ವರ್ಷ ಸಾಧನೆ ಮಾಡಿದ್ದೇನೆ. ಕೊನೆಗೆ ನನ್ನ ಹಿಂದೆ ನಿಂತಿದ್ದ ಅಕ್ಕ, "ಲೋ, ಡ್ರೈವಿಂಗ್ ಕ್ಲಾಸಲ್ಲಿ ರಿವರ್ಸ್ ಹಾಕಿ ಮೇಷ್ಟ್ರ ಸ್ಕೂಟರ್ ಮೇಲೇ ಹತ್ತಿಸಿದ್ಯಲ್ಲ, ಅದನ್ನ ನೆನೆಸ್ಕೋ" ಎಂದಳು. ತಮಗೆ ಸಿಕ್ಕ ಚಿತ್ರ ಆಗಿನದು.

ತಮ್ಮ ಬಳಿ ಬಂದ ಕಾರಣವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಹತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟು, ಆರು ವರ್ಷದಿಂದ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಚೌಕಟ್ಟಿಗೆ ಸರಿಯಾಗಿ ಗಾಜಿನ ಅಂಚು ಉಜ್ಜುವ ಕೆಲಸದಲ್ಲಿದ್ದೇನೆ. ಆ ಕೋಣೆಗೆ ಕಿಟಕಿಯಿಲ್ಲ. ಇಷ್ಟು ವರ್ಷದಲ್ಲಿ ಅರ್ಧ ಊರಿನ ಕಣ್ಣಿನ ನಂಬರು ನನಗೆ ಗೊತ್ತಾಗಿದೆ, ಒಬ್ಬರ ಮುಖವೂ ಗೊತ್ತಿಲ್ಲ. ಹೀಗಿರಲು ಮುಂದಿನ ಕೌಂಟರಿನ ಜಾಗ ಖಾಲಿಯಾಯಿತು. ಮಾಲೀಕರು ನನ್ನನ್ನು ಕರೆದು, "ನೋಡಪ್ಪಾ, ಕೆಲಸ ನಿಂಗೆ ನೀರು ಕುಡಿದಷ್ಟು ಸುಲಭ. ಆದ್ರೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ಮಾತಾಡಿದ್ರೆ, ಇವನೇನೋ ಮುಚ್ಚಿಡ್ತಿದಾನೆ ಅನ್ಕೋತಾರೆ ಗಿರಾಕಿಗಳು. ನಕ್ಕೊಂಡು ನಿಂತ್ಕೋ, ಒಂದನೇ ತಾರೀಕಿಂದ ಕೌಂಟರ್ ನಿಂದು" ಎಂದರು. ಒಂದನೇ ತಾರೀಕಿಗೆ ಇಪ್ಪತ್ತು ದಿನವಿತ್ತು. ನಗುವುದೊಂದು ಬಾಕಿಯಿತ್ತು.

ತಾವಾದರೋ ಉದಾರಿಗಳು. ಒಂದು ನಗು ಕೇಳಿ ಬಂದವನಿಗೆ ಎರಡು ಕೊಟ್ಟಿರಿ. ಎಡಗಡೆ ಅಲೈನರಿನ ನಾನು: ಹಲ್ಲಿನ ಅಚ್ಚಿನಂಥ ಪಾರದರ್ಶಕ ಪ್ಲಾಸ್ಟಿಕ್ ಕವಚವನ್ನು ಹದಿನೈದು ದಿನಕ್ಕೊಮ್ಮೆ ಬದಲಿಸುತ್ತಾ, ಹಲ್ಲುಗಳನ್ನು ಕೂದಲೆಳೆಯಷ್ಟೇ ಜರುಗಿಸುತ್ತಾ, ಹದಿನಾಲ್ಕು ತಿಂಗಳ ಮೇಲೆ ಸಿಗಬಹುದಾದ ಮುಖ. ಬಲಗಡೆ ವೆನಿಯರಿನ ನಾನು: ಇದ್ದ ಹಲ್ಲನ್ನು ಮುಂದಿನಿಂದ ಒಂದಿಷ್ಟು ಉಜ್ಜಿ, ಮೇಲೆ ಪಿಂಗಾಣಿಯ ತೆಳು ಪದರ ಅಂಟಿಸಿ, ಎರಡೇ ವಾರದಲ್ಲಿ ಸಿದ್ಧವಾಗುವ ಮುಖ. ಆ ಬಲಗಡೆಯವನು ಎಂಥ ಚೆಲುವನೆಂದರೆ, ಅವನ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರಲು ನನಗೇ ಸಂಕೋಚವಾಯಿತು. ಅಕ್ಕ ಮಾತ್ರ ಬಗ್ಗಿ ನೋಡಿ, "ಅಯ್ಯೋ, ಇವನು ಮನೆಗೆ ಬಂದ್ರೆ ಕಾಫಿ ಕೊಟ್ಟು 'ನೀವು' ಅನ್ಬೇಕಾಗತ್ತಲ್ಲೋ" ಎಂದಳು. ನಾನು ಕಿವಿಗೊಡಲಿಲ್ಲ. ವೆನಿಯರೇ ಎಂದು ಡಾಕ್ಟರಮ್ಮನವರಿಗೆ ಹೇಳಿಬಿಟ್ಟೆ.

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನಿಂದು ಕೌಂಟರಿನಲ್ಲಿರುತ್ತಿದ್ದೆ. ಆದರೆ ಗಾಜಿನ ದಪ್ಪ ಅಳೆಯುವ ಪುಟ್ಟ ಇಕ್ಕಳವೊಂದು ಸದಾ ನನ್ನ ಅಂಗಿಯ ಜೇಬಿನಲ್ಲಿರುತ್ತದೆ. ಡಾಕ್ಟರಮ್ಮ ಮಾದರಿಗೆಂದು ಕೈಗಿತ್ತ ಪಿಂಗಾಣಿಯ ಪದರವನ್ನು ಅವರು ನೋಡನೋಡುತ್ತಿದ್ದಂತೆಯೇ ಅದರಲ್ಲಿ ಅಳೆದು, "ಅರ್ಧ ಮಿಲಿಮೀಟರಿನ ಮೇಲೆ ಚೂರು ಇದೆ ಮೇಡಂ. ನನ್ನ ಹಲ್ಲು ಅಷ್ಟೂ ಸವೆಸಬೇಕಾ?" ಎಂದು ಕೇಳಿದೆ. ರೋಗಿಯೊಬ್ಬ ತನ್ನದೇ ಅಳತೆಗೋಲು ತಂದದ್ದನ್ನು ಅವರು ಅದೇ ಮೊದಲು ಕಂಡಿರಬೇಕು. "ಹೆಚ್ಚುಕಮ್ಮಿ ಅಷ್ಟೇ. ನಿಮ್ಮ ಹಲ್ಲು ಗಟ್ಟಿಯಾಗಿಯೇ ಇವೆ, ಸ್ವಲ್ಪ ಸೊಟ್ಟ ಅಷ್ಟೇ. ಆದ್ರೆ ಒಮ್ಮೆ ಉಜ್ಜಿದ ಮೇಲೆ ವಾಪಸ್ ಬರಲ್ಲ. ಆಮೇಲೆ ಜೀವನಪೂರ್ತಿ ಏನಾದ್ರೂ ಅಂಟಿಸ್ಕೊಂಡೇ ಇರಬೇಕು" ಎಂದರು. ಮಾನ್ಯರೇ, ಅರ್ಧ ಮಿಲಿಮೀಟರು ಎಂದರೇನೆಂದು ನನಗೆ ಗೊತ್ತು. ಕೈ ಅಷ್ಟು ತಪ್ಪಿ ಕೆಡಿಸಿದ ಗಾಜುಗಳಿಂದ ನಾನೊಂದು ಬಕೆಟ್ಟು ತುಂಬಿಸಿದ್ದೇನೆ. ಕೆಡಿಸಿದ್ದಕ್ಕೆ ಬದಲಿ ಗಾಜು ತರಿಸಬಹುದು ಎಂಬ ಧೈರ್ಯದ ಮೇಲೆಯೇ ನನ್ನ ಆರು ವರ್ಷದ ನೌಕರಿ ನಿಂತಿರುವುದು. ಪದರವನ್ನು ವಾಪಸ್ ಕೊಟ್ಟು ಇಕ್ಕಳವನ್ನು ಜೇಬಿಗಿಟ್ಟೆ.

ಹಾಗಾದರೆ ಅಲೈನರ್ ಎಂದೆ. ಸ್ವಾಗತದ ಮೇಜಿನ ಹುಡುಗಿ ಒಂದು ಫಾರಂ ಕೊಟ್ಟಳು. ದಿನಕ್ಕೆ ಇಪ್ಪತ್ತೆರಡು ಗಂಟೆ ಧರಿಸುತ್ತೇನೆ, ಊಟ ತಿಂಡಿಗೆ ಬಿಟ್ಟು ತೆಗೆಯುವುದಿಲ್ಲ, ಮುಗಿಯುವವರೆಗೂ ಬಿಡುವುದಿಲ್ಲ ಎಂದು ಒಪ್ಪಿ ಸಹಿ ಹಾಕಬೇಕಂತೆ. ನಾನು ಶಾಲೆ ಬಿಟ್ಟವನು, ಟೈಪಿಂಗನ್ನು ಹನ್ನೊಂದನೇ ದಿನ ಬಿಟ್ಟವನು, ಡ್ರೈವಿಂಗನ್ನು ಸ್ಕೂಟರಿನ ಮರುದಿನವೇ ಬಿಟ್ಟವನು. ಸುಳ್ಳು ಬರೆಯಲು ಕೈ ಏಳಲಿಲ್ಲ. "ಇಪ್ಪತ್ತೆರಡು" ಎಂಬುದನ್ನು ಹೊಡೆದು ಹಾಕಿ "ಹದಿನೆಂಟು, ಅದೂ ಅನುಮಾನ" ಎಂದು ಬರೆದೆ. "ಅಣ್ಣಾ, ಎಲ್ರೂ ಸುಮ್ನೆ ಸೈನ್ ಹಾಕ್ತಾರೆ" ಎಂದು ಅವಳು ಹೊಸ ಫಾರಂ ಕೊಟ್ಟಳು. ಅದರಲ್ಲಿ ಹತ್ತೊಂಬತ್ತು ಎಂದು ಬರೆದೆ. ಮೂರನೇ ಫಾರಮ್ಮಿಗೆ ಡಾಕ್ಟರಮ್ಮ ಖುದ್ದಾಗಿ ಬಂದು, "ಪ್ರಯತ್ನ ಪಡ್ತೀನಿ ಅಂತಾದ್ರೂ ಬರೀರಿ ಮಾರಾಯ್ರೇ, ಹಿಂದೆ ಆರು ಜನ ಕಾಯ್ತಿದಾರೆ" ಎಂದರು. ಪ್ರಯತ್ನ ಪಡುತ್ತೇನೆ ಎಂದು ಬರೆದೆ. ಅದು ನಿಜವಾಗಿತ್ತು.

ಮಾಲೀಕರಿಗೂ ನಿಜವನ್ನೇ ಹೇಳಿದೆ. "ಹದಿನಾಲ್ಕು ತಿಂಗಳಾ! ಹೋಗ್ಲಿ, ಮುಗಿಸೋದಂತೂ ಖಂಡಿತ ತಾನೇ?" ಎಂದು ಅವರು ಕೇಳಿದರು. ಹೌದು ಎಂದಿದ್ದರೆ ಅವರು ಕಾಯುತ್ತಿದ್ದರೋ ಏನೋ. "ಗೊತ್ತಿಲ್ಲ ಸಾರ್" ಎಂದೆ. ಒಂದನೇ ತಾರೀಕಿಗೆ ಕೌಂಟರಿಗೆ ಹೊಸ ಹುಡುಗಿ ಬಂದಳು. ನಾನು ಹಿಂದಿನ ಕೋಣೆಯಲ್ಲಿ, ಬಾಯಿತುಂಬಾ ಪ್ಲಾಸ್ಟಿಕ್ಕು ಇಟ್ಟುಕೊಂಡು, "ಸರಿ ಸಾರ್" ಎನ್ನಲು ಹೋಗಿ ಶಿಳ್ಳೆ ಹೊಡೆಯುತ್ತಾ ಗಾಜು ಉಜ್ಜುತ್ತಿದ್ದೇನೆ.

ಆದ್ದರಿಂದ ತಮ್ಮ ಮೇಲೆ ನನ್ನ ದೂರು ಇಷ್ಟೇ. ತಾವು ಮುಗಿದ ಮುಖಗಳನ್ನು ಮಾತ್ರ ತೋರಿಸುತ್ತೀರಿ. ನನ್ನಂಥವನು ಯಾವುದನ್ನೂ ಮುಗಿಸಿದವನಲ್ಲ. ನನಗೀಗ ನಾಲ್ಕನೇ ಜೊತೆ ಕವಚ ನಡೆಯುತ್ತಿದೆ. ಮಾತಾಡಿದರೆ ಜೊಲ್ಲು, ಕಚ್ಚಿದರೆ ನೋವು, ಹಲ್ಲುಗಳು ಕಣ್ಣಿಗೆ ಕಾಣುವಷ್ಟು ಕದಲಿಲ್ಲ. ಆದರೂ ಐವತ್ತು ದಿನ ದಾಟಿದ್ದೇನೆ, ಇಷ್ಟು ದಿನ ನಾನು ಒಂದಕ್ಕೆ ಅಂಟಿಕೊಂಡದ್ದನ್ನು ನನ್ನ ಮನೆಯವರು ಯಾರೂ ಕಂಡಿಲ್ಲ. ದಯಮಾಡಿ ತಮ್ಮ ಎಡಮುಖಕ್ಕೂ ಬಲಮುಖಕ್ಕೂ ನಡುವೆ ಮೂರನೆಯದೊಂದನ್ನು ತೋರಿಸುವ ಏರ್ಪಾಡು ಮಾಡಿಕೊಳ್ಳಬೇಕು: ಹಲ್ಲು ಇನ್ನೂ ಸೊಟ್ಟಗಿರುವ, ಮುಗಿಸುತ್ತಾನೋ ಇಲ್ಲವೋ ತನಗೇ ಗೊತ್ತಿಲ್ಲದ, ಆದರೂ ಬೆಳಿಗ್ಗೆದ್ದು ಕವಚ ತೊಳೆದು ಮತ್ತೆ ಹಾಕಿಕೊಳ್ಳುವವನ ಮುಖ. ಅದು ನೋಡಲು ಚೆನ್ನಾಗಿರುವುದಿಲ್ಲ. ಕುರ್ಚಿಯಲ್ಲಿ ಕುಳಿತವನಿಗೆ ಗುರುತಾದರೂ ಸಿಗುತ್ತದೆ.

ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೇಳಿದ್ದಕ್ಕೆ ಕೃತಜ್ಞನಾಗಿ,

ತಮ್ಮ ವಿಶ್ವಾಸಿ,
ನಾಲ್ಕನೇ ಜೊತೆಯವನು

ತಾ.ಕ.: ಕೌಂಟರಿನ ಹೊಸ ಹುಡುಗಿಯ ಹಲ್ಲುಗಳು ತಮ್ಮ ಬಲಮುಖವೂ ನಾಚುವಂತಿವೆ, ಅವಳು ಆಕಳಿಸಿದಾಗ ನೋಡಿದೆ. ಬಂದ ದಿನದಿಂದ ಒಬ್ಬ ಗಿರಾಕಿಗೂ ಅವಳು ನಕ್ಕಿಲ್ಲ. ವ್ಯಾಪಾರ ಮೊದಲಿಗಿಂತ ಚೆನ್ನಾಗಿದೆ.