ಕೆಳಮಹಡಿಯ ಕೈಗುಣ

ನಮ್ಮ ಗಡಿಬಿಡಿಯ ಹೊಟ್ಟೆಕಿಚ್ಚು ಆ ದಿನ ಹೊತ್ತಿಕೊಂಡದ್ದು ಹೆಂಡತಿ ಇಸ್ತ್ರಿ ಮಾಡಿಟ್ಟ ಅಂಗಿಯಿಂದ. ಸಂಜೆ ವಿದ್ಯುತ್ ಕಚೇರಿಯಲ್ಲಿ ಅವಳ ಅಕ್ಕನ ಗಂಡನಿಗೆ, ಅಂದರೆ ಇವನ ಷಡ್ಡಕನಿಗೆ, ಸನ್ಮಾನ. ಜೊತೆಗೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನ ಹುದ್ದೆ. "ಮುಖ ಗಂಟು ಹಾಕ್ಕೋಬೇಡಿ. ಭಾವನಿಗೆ ಮೊದಲ ಚಪ್ಪಾಳೆ ನೀವೇ ತಟ್ಟಬೇಕು" ಎಂದಳು ಹೆಂಡತಿ.

ಗಡಿಬಿಡಿ ಎಂಬುದು ಕಚೇರಿಯವರು ಇಟ್ಟ ಅಡ್ಡಹೆಸರು. ಮೇಲ್ಮಹಡಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಇವನು ಮೇಜುಗಳಡಿ ತೆವಳಿ ತೆವಳಿ ಮೊಣಕಾಲು ಸವೆಸಿದ್ದ. ಕೆಳಮಹಡಿಯವನ್ನು ನೋಡಿಕೊಳ್ಳಬೇಕಾದ ಷಡ್ಡಕ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಆದರೂ ಮೂರು ವರ್ಷದಿಂದ ಅಲ್ಲಿ ಒಂದು ಯಂತ್ರವೂ ಕೆಮ್ಮಿರಲಿಲ್ಲ. ಕೈಗುಣ ಎನ್ನುತ್ತಿದ್ದರು ಎಲ್ಲರೂ. ಆ ಮಾತು ಕೇಳಿದರೆ ಇವನ ಮೈಯೆಲ್ಲ ಉರಿಯುತ್ತಿತ್ತು.

ಷಡ್ಡಕ ಊಟಕ್ಕೆ ಎದ್ದದ್ದೇ ತಡ, ಗಡಿಬಿಡಿ ಕೆಳಗಿಳಿದು ದುರಸ್ತಿಯ ದಾಖಲೆ ತೆರೆದ. ರಿಪೇರಿಗಳೆಲ್ಲ ಷಡ್ಡಕನ ಹೆಸರಿನಲ್ಲೇ ಇದ್ದವು, ಅವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ವಾರದಲ್ಲೂ. ಯಾರೋ ಕಳ್ಳತನದಲ್ಲಿ ಅವನ ಕೆಲಸ ಮಾಡಿಕೊಡುತ್ತಿದ್ದಾರೆ! ಗಡಿಬಿಡಿ ಸಾಹೇಬರ ಬಳಿ ಓಡಿದ. ಸಾಹೇಬರು ತನಿಖಾಧಿಕಾರಿಣಿಯನ್ನು ಕರೆಸಿದರು.

ಆಕೆ ಎರಡು ಗಂಟೆ ಪರದೆ ನೋಡಿ, ಕೋಣೆಯ ಬಾಗಿಲು ಹಾಕಿಸಿದಳು. ಪರದೇಶದ ಸರ್ಕಾರವೊಂದು ಸಾಕಿದ ಹ್ಯಾಕರುಗಳು ಮೂರು ವರ್ಷದಿಂದ ಕಂಪ್ಯೂಟರುಗಳ ಒಳಗೇ ಬಿಡಾರ ಹೂಡಿದ್ದರಂತೆ. ಯಂತ್ರ ಕೆಟ್ಟರೆ ಯಾರಾದರೂ ಕೆದಕಿಯಾರೆಂದು ತಾವೇ ರಿಪೇರಿ ಮಾಡುತ್ತಿದ್ದರಂತೆ. ಬೇರೆ ಕಳ್ಳರು ನುಗ್ಗದಂತೆ ಕಿಂಡಿಗಳನ್ನೂ ಮುಚ್ಚಿದ್ದರಂತೆ.

ಗಡಿಬಿಡಿ ಹಿಗ್ಗಿಹೋದ. "ಹಾಗಾದ್ರೆ ಸನ್ಮಾನ ರದ್ದು ತಾನೆ?"

"ಅವರು ಒಳಗೆ ಬಂದದ್ದು ನಿಮ್ಮ ಪಾಸ್‌ವರ್ಡಿಂದ" ಎಂದಳು ಆಕೆ. "ಮೇಲ್ಗಡೆ ಒಂಬತ್ತು ದಿನ ಇದ್ರು. ನೀವು ದಿನಾ ಒಂದಲ್ಲ ಒಂದು ಕೆಡಿಸ್ತಿದ್ರಿ. ತಡೀಲಾರದೆ ಕೆಳಗೆ ಹೋದ್ರು."

ಕಳ್ಳರಿಗೂ ಷಡ್ಡಕನ ಮಹಡಿಯೇ ಹಿಡಿಸಿತಲ್ಲ ಎಂಬ ಸಂಕಟ ಪಾಸ್‌ವರ್ಡಿನ ಅವಮಾನಕ್ಕಿಂತ ಗಡಿಬಿಡಿಯನ್ನು ಹೆಚ್ಚು ಕುಟುಕಿತು.

ಅವರ ಅಡಗುತಾಣಗಳೆಲ್ಲ ಪತ್ತೆಯಾಗುವವರೆಗೆ ಅವರಿಗೆ ಅನುಮಾನ ಬರಕೂಡದು, ಅದಕ್ಕೆ ಒಂದು ವರ್ಷವಾದರೂ ಹಿಡಿದೀತು ಎಂದಳು ಆಕೆ. ಕಚೇರಿಯ ಪತ್ರಗಳನ್ನೆಲ್ಲ ಅವರು ಓದುತ್ತಾರೆ; ಆದ್ದರಿಂದ ನಿಗದಿಯಾದದ್ದೆಲ್ಲ ನಿಗದಿಯಾದಂತೆಯೇ ನಡೆಯಬೇಕು.

"ಸನ್ಮಾನನೂ, ಹುದ್ದೆನೂ" ಎಂದರು ಸಾಹೇಬರು. "ಸಭಾಂಗಣದ ಕ್ಯಾಮೆರಾನೂ ಅವರ ಕೈಲೇ ಇದೆ. ನೀವು ಸ್ವಲ್ಪ ನಗ್ತಾ ಇರಿ."

ಸಂಜೆ ಷಡ್ಡಕ ಹಾರ ಹಾಕಿಸಿಕೊಂಡು, ಆಕಳಿಕೆ ತಡೆದು, ವಿನಯದಿಂದ ಹೇಳಿದ: "ನಂದೇನೂ ಇಲ್ಲ. ಯಾವುದೋ ಕಾಣದ ಕೈ ನಡೆಸ್ಕೊಂಡು ಹೋಗ್ತಿದೆ."

ಗಡಿಬಿಡಿ ಕ್ಯಾಮೆರಾದ ಕಡೆ ಹಲ್ಲು ಬಿಟ್ಟು, ಮೊದಲ ಚಪ್ಪಾಳೆ ತಟ್ಟಿದ.